ಶ್ವಾಸಕೋಶದ ಕ್ಲಾಟ್‌ಗೆ ಚಿಕಿತ್ಸೆ ಆದ ಮೇಲೂ ಏದುಸಿರು ಏಕೆ? ಪಲ್ಮನರಿ ಎಂಬಾಲಿಸಂ ನಂತರದ ಬದುಕು: ನಿಜ ಎಷ್ಟು, ಸುಳ್ಳು ಎಷ್ಟು

ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗಿದೆ. ಮಾತ್ರೆ ಒಂದು ದಿನವೂ ತಪ್ಪಿಲ್ಲ. ಕಳೆದ ಸಲ ತೋರಿಸಿದಾಗ ವೈದ್ಯರು ‘ಎಲ್ಲ ಚೆನ್ನಾಗಿದೆ’ ಎಂದಿದ್ದಾರೆ. ಆದರೂ ಮೊದಲ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ರಾತ್ರಿ ಎದೆಯಲ್ಲಿ ಚಳುಕ್ ಎಂದರೆ ‘ಮತ್ತೆ ಬಂತೇನೋ’ ಎಂದು ನಿದ್ದೆ ಹಾರಿಹೋಗುತ್ತದೆ. ಮನೆಯವರಿಗೆ ಹೇಳಿದರೆ ‘ಡಾಕ್ಟ್ರೇ ಸರಿ ಹೋಗಿದೆ ಅಂದ್ರಲ್ಲ’ ಎನ್ನುತ್ತಾರೆ.

ಇಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಎರಡು ಬಗೆಯ ಫಾರ್ವರ್ಡ್ ಬಂದಿರುತ್ತವೆ. ‘ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುಡಿದರೆ ಕ್ಲಾಟ್ ಪೂರ್ತಿ ಕರಗುತ್ತದೆ, ಇಂಗ್ಲಿಷ್ ಮಾತ್ರೆ ಬೇಡ’ ಎನ್ನುವುದು ಒಂದು. ‘ಒಮ್ಮೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮುಗಿಯಿತು, ಇನ್ನು ಜೀವಮಾನ ಪೂರ್ತಿ ಆಯಾಸ ಮಾಡಿಕೊಳ್ಳಬಾರದು’ ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಪ್ರಾಣಕ್ಕೆ ಅಪಾಯ ತಂದುಕೊಳ್ಳಬಹುದು. ಎರಡನೆಯದನ್ನು ನಂಬಿದವರು ಚೇತರಿಸಿಕೊಳ್ಳಬಹುದಾಗಿದ್ದ ಬದುಕನ್ನು ಮಂಚದ ಮೇಲೆ ಕಳೆಯಬಹುದು.

ಮೊದಲು, ಆಗಿದ್ದೇನು?

ಸಾಮಾನ್ಯವಾಗಿ ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ, ಅಂದರೆ ಸಿರೆಯಲ್ಲಿ, ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಡಿ.ವಿ.ಟಿ. ಎನ್ನುತ್ತಾರೆ. ಆ ಹೆಪ್ಪಿನ ತುಂಡು ಕಳಚಿಕೊಂಡು ರಕ್ತದ ಜೊತೆ ಮೇಲಕ್ಕೆ ಹೋಗಿ, ಹೃದಯದ ಬಲಭಾಗ ದಾಟಿ, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಇದೇ ಪಲ್ಮನರಿ ಎಂಬಾಲಿಸಂ. ಶ್ವಾಸಕೋಶಕ್ಕೆ ಗಾಳಿ ಬರುತ್ತಿದ್ದರೂ ಆ ಭಾಗಕ್ಕೆ ರಕ್ತ ಬರುವುದಿಲ್ಲ. ಅದಕ್ಕೇ ಉಸಿರು ಸಾಲದು ಅನ್ನಿಸುತ್ತದೆ. ಮುಚ್ಚಿದ ನಾಳದ ವಿರುದ್ಧ ರಕ್ತ ನೂಕಬೇಕಾದ ಹೃದಯದ ಬಲಭಾಗ ದಣಿಯುತ್ತದೆ. ಈ ಕಾಯಿಲೆಯಲ್ಲಿ ಜೀವಕ್ಕೆ ಮುಖ್ಯ ಅಪಾಯ ಇರುವುದು ಈ ದಣಿವಿನಲ್ಲೇ.

ದೊಡ್ಡ ಶಸ್ತ್ರಚಿಕಿತ್ಸೆ, ಕಾಲಿನ ಮೂಳೆ ಮುರಿತ, ಬಹಳ ದಿನ ಹಾಸಿಗೆ ಹಿಡಿಯುವುದು, ಕ್ಯಾನ್ಸರ್, ಗರ್ಭಧಾರಣೆ, ಬಾಣಂತನ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಇವೆಲ್ಲ ಕಾರಣ ಆಗಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಈ ಕಾರಣದ ಪ್ರಶ್ನೆ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

‘ರಕ್ತ ತೆಳು ಮಾಡುವ ಮಾತ್ರೆ’ ರಕ್ತವನ್ನು ತೆಳು ಮಾಡುವುದಿಲ್ಲ

ಹೆಸರೇ ತಪ್ಪು ಕಲ್ಪನೆ ಹುಟ್ಟಿಸುತ್ತದೆ. ವಾರ್ಫರಿನ್, ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್ ಯಾವುದೇ ಇರಲಿ, ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ರಕ್ತ ನೀರಾಗುವುದಿಲ್ಲ. ಈ ಮಾತ್ರೆಗಳು ಹೆಪ್ಪನ್ನು ನೇರವಾಗಿ ಕರಗಿಸುವುದೂ ಇಲ್ಲ. ಹೆಪ್ಪು ಇನ್ನೂ ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತವೆ, ಅಷ್ಟೆ. ಕರಗಿಸುವ ಕೆಲಸವನ್ನು ನಮ್ಮ ದೇಹವೇ ಪ್ಲಾಸ್ಮಿನ್ ಎಂಬ ಕಿಣ್ವದಿಂದ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಮಾಡುತ್ತದೆ. ರಕ್ತದೊತ್ತಡ ಕುಸಿದು ಪ್ರಾಣ ಹೋಗುವಂತಿದ್ದರೆ ಮಾತ್ರ ಹೆಪ್ಪು ಕರಗಿಸುವ ಬೇರೆ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಕೊಡುತ್ತಾರೆ.

ಹಾಗಿದ್ದರೆ ಮಾತ್ರೆ ಇಷ್ಟು ಮುಖ್ಯವೇ? 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. ಈ ಕಾಯಿಲೆಯ 35 ಜನರಲ್ಲಿ 16 ಜನಕ್ಕೆ ಹೆಪ್ಪುನಿರೋಧಕ ಕೊಟ್ಟರು, 19 ಜನಕ್ಕೆ ಕೊಡಲಿಲ್ಲ. ಕೊಡದ 19 ಜನರಲ್ಲಿ 5 ಮಂದಿ ಇದೇ ಕಾಯಿಲೆಯಿಂದ ಸತ್ತರು, ಇನ್ನೂ 5 ಮಂದಿಗೆ ಸಾವು ತಪ್ಪಿದರೂ ಕ್ಲಾಟ್ ಮರುಕಳಿಸಿತು. ಔಷಧ ಪಡೆದವರಲ್ಲಿ ಈ ಕಾಯಿಲೆಯಿಂದ ಒಬ್ಬರೂ ಸಾಯಲಿಲ್ಲ. ವ್ಯತ್ಯಾಸ ಇಷ್ಟು ಎದ್ದು ಕಂಡ ಮೇಲೆ ಔಷಧ ಕೊಡದೆ ನೋಡುವ ಭಾಗವನ್ನು ಮುಂದುವರಿಸುವುದು ಸರಿಯಲ್ಲವೆಂದು ನಿಲ್ಲಿಸಿದರು. ಬೆಳ್ಳುಳ್ಳಿ ನೀರಿನ ಫಾರ್ವರ್ಡ್ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಆ 19 ಜನ. ಅಡುಗೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಅರಿಶಿನ ಧಾರಾಳವಾಗಿ ತಿನ್ನಿ. ಅದು ಮಾತ್ರೆಯ ಬದಲಿ ಅಲ್ಲ. ಅವನ್ನೇ ಸಾಂದ್ರ ಮಾಡಿ ಕ್ಯಾಪ್ಸೂಲ್ ರೂಪದಲ್ಲಿ ಮಾರುತ್ತಾರಲ್ಲ, ಅವು ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಿಸಬಹುದು. ವೈದ್ಯರಿಗೆ ಹೇಳದೆ ನುಂಗಬೇಡಿ.

ಸರಿ, ಏದುಸಿರು ಏಕೆ ಹೋಗಿಲ್ಲ?

ಈ ಪ್ರಶ್ನೆಯನ್ನು ವೈದ್ಯವಿಜ್ಞಾನವೂ ತಡವಾಗಿಯೇ ಕೇಳಿಕೊಂಡಿತು. ಬಹಳ ಕಾಲ ಲೆಕ್ಕ ಇದ್ದದ್ದು ಎರಡೇ: ರೋಗಿ ಬದುಕಿದರೇ, ಕ್ಲಾಟ್ ಮತ್ತೆ ಬಂತೇ. ಬದುಕಿದವರು ಹೇಗೆ ಬದುಕುತ್ತಿದ್ದಾರೆ ಎಂದು ಕೇಳಲು ಈ ಕಾಯಿಲೆಗೆಂದೇ ಒಂದು ಪ್ರಶ್ನಾವಳಿ ಬಂದದ್ದು 2009ರಲ್ಲಿ, ನೆದರ್ಲೆಂಡ್ಸ್‌ನಿಂದ. ಪೆಂಬ್-ಕ್ವಾಲ್ ಎಂದು ಅದರ ಹೆಸರು. ಅದರಲ್ಲಿ ಕೇಳುವುದು ನಮ್ಮ ನಿಮ್ಮ ಮನೆಯ ಸಂಗತಿಗಳನ್ನೇ. ಎದೆನೋವು ಎಷ್ಟು ಸಲ ಬರುತ್ತದೆ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಮನೆಗೆಲಸ ಆಗುತ್ತದೆಯೇ, ಕೆಲಸಕ್ಕೆ ಹೋಗಲು ತೊಂದರೆ ಇದೆಯೇ, ನೆಂಟರಿಷ್ಟರ ಜೊತೆ ಬೆರೆಯುವುದು ಕಡಿಮೆ ಆಗಿದೆಯೇ, ಮತ್ತೆ ಬರಬಹುದೆಂಬ ಭಯ ಕಾಡುತ್ತದೆಯೇ.

ಹೀಗೆ ಕೇಳತೊಡಗಿದ ಮೇಲೆ ಗೊತ್ತಾದದ್ದು: ಸುಮಾರು ಅರ್ಧದಷ್ಟು ಜನ ತಿಂಗಳುಗಳ ನಂತರವೂ ಒಂದಲ್ಲ ಒಂದು ತೊಂದರೆ ಹೇಳುತ್ತಾರೆ. ಇದಕ್ಕೆ ಈಗ ‘ಪೋಸ್ಟ್-ಪಿ.ಇ. ಸಿಂಡ್ರೋಮ್’ ಎಂಬ ಹೆಸರೇ ಇದೆ. ಅಂದರೆ ನಿಮ್ಮ ಏದುಸಿರು ಬರೀ ಕಲ್ಪನೆಯಲ್ಲ, ನೀವು ಒಬ್ಬರೇ ಅಲ್ಲ.

ಕೆನಡಾದಲ್ಲಿ 100 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ ‘ಎಲೋಪ್’ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬದುಕಿನ ಗುಣಮಟ್ಟ, ಉಸಿರಾಟ, ನಡೆಯಬಲ್ಲ ದೂರ ಎಲ್ಲವೂ ವರ್ಷದುದ್ದಕ್ಕೂ ಸುಧಾರಿಸಿದವು, ಅದರಲ್ಲೂ ಹೆಚ್ಚಿನ ಸುಧಾರಣೆ ಕಂಡದ್ದು ಮೊದಲ ಮೂರು ತಿಂಗಳಲ್ಲಿ. ಇದು ಒಳ್ಳೆಯ ಸುದ್ದಿ. ಆದರೆ ವರ್ಷದ ಕೊನೆಯಲ್ಲಿ ಸೈಕಲ್ ತುಳಿಸಿ ಅಳೆದಾಗ ಸುಮಾರು 46 ಶೇಕಡಾ ಜನರ ದೇಹ ಆಮ್ಲಜನಕ ಬಳಸುವ ಶಕ್ತಿ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಇತ್ತು. ಕುತೂಹಲದ ವಿಷಯ ಇದು: ಅವರಲ್ಲಿ ಬಹುಪಾಲು ಮಂದಿಗೆ ಕಾರಣ ಉಳಿದ ಹೆಪ್ಪೂ ಅಲ್ಲ, ಹಾಳಾದ ಹೃದಯವೂ ಅಲ್ಲ. ಶ್ವಾಸಕೋಶದ ಪರೀಕ್ಷೆ, ಎಕೋ ಎಲ್ಲ ಹೆಚ್ಚುಕಡಿಮೆ ಚೆನ್ನಾಗಿಯೇ ಇದ್ದವು. ದೇಹ ಕಸುವು ಕಳೆದುಕೊಂಡಿತ್ತು.

ಅದು ಹೇಗೆ ಎಂದರೆ, ಆಸ್ಪತ್ರೆಯಲ್ಲಿ ಮಲಗಿದ್ದು ಒಂದಷ್ಟು ದಿನ. ಮನೆಗೆ ಬಂದ ಮೇಲೆ ‘ಏಳಬೇಡ, ಆಯಾಸ ಆಗುತ್ತೆ’ ಎಂದು ಎಲ್ಲರೂ ಕೂರಿಸಿದ್ದು ಇನ್ನಷ್ಟು ದಿನ. ಸ್ವಲ್ಪ ನಡೆದರೆ ಉಸಿರು ಏರುತ್ತದೆ. ಉಸಿರು ಏರಿದರೆ ಆ ಮೊದಲ ದಿನದ ಭಯ ನೆನಪಾಗುತ್ತದೆ. ಭಯಕ್ಕೆ ಮತ್ತೆ ಕೂತುಬಿಡುತ್ತೇವೆ. ಕೂತಷ್ಟೂ ಮಾಂಸಖಂಡ ಸೊರಗುತ್ತದೆ, ಮುಂದಿನ ಸಲ ಇನ್ನೂ ಬೇಗ ಏದುಸಿರು ಬರುತ್ತದೆ.

ಈ ಸುತ್ತು ಮುರಿಯಬಹುದು. ನಾರ್ವೆಯಲ್ಲಿ ಪಲ್ಮನರಿ ಎಂಬಾಲಿಸಂ ಆಗಿ ತಿಂಗಳುಗಳ ಮೇಲೂ ಏದುಸಿರು ಉಳಿದಿದ್ದ 211 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲದಂತೆ ಎಂಟು ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿದರು. 2023ರಲ್ಲಿ ಬಂದ ಫಲಿತಾಂಶ: ನಡಿಗೆಯ ಪರೀಕ್ಷೆಯಲ್ಲಿ ಅವರು ಇನ್ನೊಂದು ಗುಂಪಿಗಿಂತ ಸರಾಸರಿ 53 ಮೀಟರ್ ಹೆಚ್ಚು ಸುಧಾರಿಸಿದರು, ಬದುಕಿನ ಗುಣಮಟ್ಟದ ಅಂಕವೂ ಉತ್ತಮವಾಯಿತು. ಅದಕ್ಕೂ ಮೊದಲು ಡೆನ್ಮಾರ್ಕ್‌ನಲ್ಲಿ ಕಾಯಿಲೆಯಾದ ಸ್ವಲ್ಪ ದಿನಕ್ಕೇ ಎಲ್ಲ ಬಗೆಯ ರೋಗಿಗಳಿಗೂ ಮನೆಯಲ್ಲೇ ವ್ಯಾಯಾಮ ಮಾಡಿಸಿದಾಗ ಎರಡೂ ಗುಂಪು ಸುಧಾರಿಸಿದವು, ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ನೋಡಿದರೆ ನನಗೆ ಅನಿಸುವುದು ಇದು: ಹಲವರು ಕಾಲ ಸರಿದಂತೆ ತಾವಾಗಿಯೇ ಸರಿಹೋಗುತ್ತಾರೆ, ಏದುಸಿರು ಉಳಿದವರಿಗೆ ವ್ಯಾಯಾಮ ನಿಜಕ್ಕೂ ಸಹಾಯ ಮಾಡುತ್ತದೆ. ‘ಅಲುಗಾಡಿದರೆ ಕ್ಲಾಟ್ ಕಳಚಿ ಹೃದಯಕ್ಕೆ ಹೋಗುತ್ತದೆ’ ಎಂಬ ಫಾರ್ವರ್ಡ್‌ಗೆ ಮಾತ್ರ ಎರಡೂ ಕಡೆ ಬೆಂಬಲ ಸಿಗುವುದಿಲ್ಲ.

ವೈದ್ಯರು ಒಪ್ಪಿದ ಮೇಲೆ ಮನೆಯ ಮುಂದಿನ ರಸ್ತೆಯಲ್ಲೇ ಶುರು ಮಾಡಬಹುದು. ಮಾತಾಡಿಕೊಂಡು ನಡೆಯಲು ಆಗಬೇಕು, ಹಾಡು ಹೇಳುವಷ್ಟು ಸಲೀಸು ಬೇಕಿಲ್ಲ, ಅಷ್ಟು ವೇಗ ಸಾಕು. ಈ ವಾರ ಬೀದಿಯ ಕೊನೆಯ ಮರದವರೆಗೆ, ಮುಂದಿನ ವಾರ ಹಾಲಿನ ಬೂತ್‌ವರೆಗೆ. ಕಾಲಿನಲ್ಲಿ ಹೆಪ್ಪು ಇದ್ದವರಿಗೆ ನಡಿಗೆ ಒಳ್ಳೆಯದೇ. ಆದರೆ ಮೀನಖಂಡವನ್ನು ಗಟ್ಟಿಯಾಗಿ ನೀವಿಸಿಕೊಳ್ಳುವುದು, ಎಣ್ಣೆ ಹಚ್ಚಿ ಉಜ್ಜುವುದು ಬೇಡ.

ನೂರರಲ್ಲಿ ಎರಡು ಮೂರು ಜನಕ್ಕೆ ಬೇರೆ ಕಥೆ

ಎಲ್ಲ ಏದುಸಿರೂ ಕಸುವಿನ ಕೊರತೆ ಅಲ್ಲ. ಕೆಲವರಲ್ಲಿ ಹೆಪ್ಪು ಪೂರ್ತಿ ಕರಗದೆ ನಾಳದ ಗೋಡೆಗೆ ಅಂಟಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ, ಹೃದಯದ ಬಲಭಾಗ ವರ್ಷಗಳ ಕಾಲ ಸದ್ದಿಲ್ಲದೆ ಸೋಲುತ್ತಾ ಹೋಗುತ್ತದೆ. ಇದನ್ನು ವೈದ್ಯರು ಸಿ.ಟಿ.ಇ.ಪಿ.ಎಚ್. ಎಂದು ಕರೆಯುತ್ತಾರೆ. ಜರ್ಮನಿಯಲ್ಲಿ 1,017 ರೋಗಿಗಳನ್ನು ಎರಡು ವರ್ಷ ಗಮನಿಸಿದ ‘ಫೋಕಸ್’ ಅಧ್ಯಯನದಲ್ಲಿ 2.3 ಶೇಕಡಾ ಜನರಿಗೆ ಇದು ಕಂಡುಬಂತು. ಹೃದಯದ ಪರೀಕ್ಷೆಗಳಲ್ಲೂ ದಿನನಿತ್ಯದ ಲಕ್ಷಣಗಳಲ್ಲೂ ತೊಂದರೆ ಉಳಿದವರು ಅಥವಾ ಹದಗೆಟ್ಟವರು 16 ಶೇಕಡಾ.

ಎರಡು ಮೂರು ಶೇಕಡಾ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಈ ಗುಂಪನ್ನು ಕಂಡುಹಿಡಿಯದೆ ಬಿಡುವುದೇ ದೊಡ್ಡ ನಷ್ಟ, ಏಕೆಂದರೆ ಶ್ವಾಸಕೋಶದ ಅಧಿಕ ಒತ್ತಡದ ಕಾಯಿಲೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಇರುವುದು ಇದಕ್ಕೆ. ಯೂರೋಪಿನ ಹೃದ್ರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಪ್ರಕಾರ ಪಲ್ಮನರಿ ಎಂಬಾಲಿಸಂ ಆದ ಪ್ರತಿಯೊಬ್ಬರನ್ನೂ 3ರಿಂದ 6 ತಿಂಗಳ ನಡುವೆ ಮತ್ತೊಮ್ಮೆ ಕೂಲಂಕಷವಾಗಿ ನೋಡಬೇಕು. ಉಸಿರಾಟದ ತೊಂದರೆ ಉಳಿದಿದ್ದರೆ ಎಕೋ, ಅದರಲ್ಲಿ ಅನುಮಾನ ಬಂದರೆ ವಿ/ಕ್ಯೂ ಸ್ಕ್ಯಾನ್. ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ, ಯಾವ ಭಾಗಕ್ಕೆ ರಕ್ತ ಹೋಗುತ್ತಿಲ್ಲ ಎಂದು ಎರಡನ್ನೂ ಹೋಲಿಸಿ ತೋರಿಸುವ ಪರೀಕ್ಷೆ ಅದು.

ಶಸ್ತ್ರಚಿಕಿತ್ಸೆ ಸುಲಭದ್ದಲ್ಲ. ದೇಹವನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ, ಸ್ವಲ್ಪ ಹೊತ್ತು ರಕ್ತಸಂಚಾರವನ್ನೇ ನಿಲ್ಲಿಸಿ, ನಾಳದ ಒಳಪದರಕ್ಕೆ ಅಂಟಿದ ಹಳೆಯ ಹೆಪ್ಪನ್ನು ಸಿಪ್ಪೆ ಸುಲಿದಂತೆ ಬಿಡಿಸಿ ತೆಗೆಯುತ್ತಾರೆ. ಬೆಂಗಳೂರೂ ಸೇರಿದಂತೆ ನಮ್ಮ ದೇಶದ ಕೆಲವೇ ದೊಡ್ಡ ಹೃದಯ ಕೇಂದ್ರಗಳಲ್ಲಿ ಇದನ್ನು ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಆಗದವರಿಗೆ ಬಲೂನ್ ಹಾಕಿ ನಾಳ ಹಿಗ್ಗಿಸುವ ವಿಧಾನ ಇದೆ, ರಿಯೋಸಿಗ್ವಾಟ್ ಎಂಬ ಮಾತ್ರೆಯೂ ಇದೆ.

ಆದ್ದರಿಂದ ಮೂರು ತಿಂಗಳು ಸರಿಯಾಗಿ ಮಾತ್ರೆ ತೆಗೆದುಕೊಂಡ ಮೇಲೂ ಏದುಸಿರು ಹಾಗೇ ಇದ್ದರೆ, ಅಥವಾ ಮೊದಲಿಗಿಂತ ಜಾಸ್ತಿಯಾಗುತ್ತಿದ್ದರೆ, ಪಾದ ಊದಿಕೊಳ್ಳುತ್ತಿದ್ದರೆ, ನಡೆಯುವಾಗ ತಲೆ ಸುತ್ತಿ ಬೀಳುವಂತಾದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ಹೋಗಿ ಕೇಳಿ: ‘ಎಕೋ ಮಾಡಬೇಕೇ? ವಿ/ಕ್ಯೂ ಸ್ಕ್ಯಾನ್ ಬೇಕೇ?’ ಇಷ್ಟು ಕೇಳಿದರೆ ಯಾವ ವೈದ್ಯರೂ ಬೇಜಾರು ಮಾಡಿಕೊಳ್ಳಬಾರದು.

ಒಂದೇ ಕಾಯಿಲೆ, ಇಬ್ಬರು ಆಟಗಾರರು

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ಗೆ 2011ರಲ್ಲಿ ಪಲ್ಮನರಿ ಎಂಬಾಲಿಸಂ ಆಯಿತು. ಅದೇ ವರ್ಷ ಅಂಗಳಕ್ಕೆ ಮರಳಿ ಯು.ಎಸ್. ಓಪನ್ ಫೈನಲ್ ತಲುಪಿದರು. 2012ರಲ್ಲಿ ವಿಂಬಲ್ಡನ್ ಗೆದ್ದರು, ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಪಡೆದರು. 2017ರಲ್ಲಿ ಸಿಸೇರಿಯನ್ ಹೆರಿಗೆಯಾದ ಮರುದಿನ ಉಸಿರು ಕಟ್ಟಿದಾಗ ಅದು ಏನೆಂದು ಅವರಿಗೇ ಗೊತ್ತಾಯಿತು. ಸಿ.ಟಿ. ಮಾಡಿ, ಹೆಪಾರಿನ್ ಕೊಡಿ ಎಂದು ಕೇಳಿದರು. ನೋವಿನ ಔಷಧದ ಮಂಪರಿನಲ್ಲಿ ಹೀಗೆ ಹೇಳುತ್ತಿದ್ದಾರೆಂದು ಮೊದಲಿಗೆ ಭಾವಿಸಿದರಂತೆ. ಸಿ.ಟಿ. ಮಾಡಿದಾಗ ಕ್ಲಾಟ್ ಇತ್ತು. ಮುಂದಿನ ವರ್ಷ ಮತ್ತೆ ವಿಂಬಲ್ಡನ್ ಫೈನಲ್ ಆಡಿದರು.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕ್ರಿಸ್ ಬಾಷ್ ಅವರದ್ದು ಬೇರೆ ದಾರಿ. 2015ರ ಫೆಬ್ರುವರಿಯಲ್ಲಿ ಶ್ವಾಸಕೋಶದಲ್ಲಿ ಕ್ಲಾಟ್, ಚಿಕಿತ್ಸೆ, ಮುಂದಿನ ಋತುವಿಗೆ ಅಂಗಳಕ್ಕೆ ವಾಪಸ್. 2016ರ ಫೆಬ್ರುವರಿಯಲ್ಲಿ ಮತ್ತೆ ಹೆಪ್ಪು. ಆಮೇಲೆ ಅವರು ವೃತ್ತಿಪರ ಪಂದ್ಯ ಆಡಲೇ ಇಲ್ಲ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟವನ್ನು ಹೆಪ್ಪುನಿರೋಧಕ ಮಾತ್ರೆ ತಿನ್ನುತ್ತಾ ಆಡಿದರೆ ರಕ್ತಸ್ರಾವದ ಅಪಾಯ, ಮಾತ್ರೆ ಬಿಟ್ಟರೆ ಕ್ಲಾಟ್ ಅಪಾಯ. ಸೆರೆನಾ ಕಥೆಯೊಂದನ್ನೇ ಫಾರ್ವರ್ಡ್ ಮಾಡುವವರು ಬಾಷ್ ಕಥೆಯನ್ನೂ ಜೊತೆಗೆ ಕಳಿಸುವುದು ಒಳ್ಳೆಯದು.

ಮಾತ್ರೆ ಎಷ್ಟು ದಿನ?

ಎಲ್ಲರಿಗೂ ಕನಿಷ್ಠ ಮೂರು ತಿಂಗಳು. ಆಮೇಲೆ ಏನು ಎನ್ನುವುದು ಕ್ಲಾಟ್ ಏಕೆ ಬಂತು ಎನ್ನುವುದರ ಮೇಲೆ ನಿಂತಿದೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಬಂದಿದ್ದರೆ ಮರುಕಳಿಸುವ ಸಾಧ್ಯತೆ ಕಡಿಮೆ, ಸಾಮಾನ್ಯವಾಗಿ ಮೂರು ತಿಂಗಳಿಗೆ ನಿಲ್ಲಿಸುತ್ತಾರೆ. ಕಾರಣವೇ ಇಲ್ಲದೆ ಬಂದಿದ್ದರೆ ಹಾಗಲ್ಲ. ಇಂಥವರು ಮಾತ್ರೆ ನಿಲ್ಲಿಸಿದ ಮೇಲೆ ಮೊದಲ ವರ್ಷದಲ್ಲಿ ಸುಮಾರು 10 ಶೇಕಡಾ, ಐದು ವರ್ಷದಲ್ಲಿ 25 ಶೇಕಡಾ, ಹತ್ತು ವರ್ಷದಲ್ಲಿ 36 ಶೇಕಡಾ ಜನಕ್ಕೆ ಮತ್ತೆ ಹೆಪ್ಪು ಬರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೆಕ್ಕ ಹೇಳುತ್ತದೆ. ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚು. ಅದಕ್ಕೇ ಹಲವರಿಗೆ ವರ್ಷಗಟ್ಟಲೆ ಮಾತ್ರೆ ಬರೆಯುತ್ತಾರೆ. ಆಸ್ಪತ್ರೆಯವರು ಮಾತ್ರೆ ಮಾರಲು ಹೀಗೆ ಬರೆಯುತ್ತಾರೆ ಎನ್ನುವ ಮಾತು ಕೇಳಿ ನಿಲ್ಲಿಸುವ ಮುನ್ನ ಈ ಅಂಕಿ ನೋಡಿ.

‘ದುಬಾರಿ ಮಾತ್ರೆ ಬದಲು ಆಸ್ಪಿರಿನ್ ಸಾಕು’ ಎನ್ನುವುದೂ ಹರಿದಾಡುತ್ತದೆ. 2017ರ ‘ಐನ್‌ಸ್ಟೈನ್ ಚಾಯ್ಸ್’ ಪ್ರಯೋಗದಲ್ಲಿ 6ರಿಂದ 12 ತಿಂಗಳ ಚಿಕಿತ್ಸೆ ಮುಗಿಸಿದವರಿಗೆ ಆಸ್ಪಿರಿನ್ ಅಥವಾ ರಿವರಾಕ್ಸಬಾನ್ ಕೊಟ್ಟು ನೋಡಿದರು. ಆಸ್ಪಿರಿನ್ ಪಡೆದವರಲ್ಲಿ 4.4 ಶೇಕಡಾ ಜನಕ್ಕೆ ಹೆಪ್ಪು ಮರುಕಳಿಸಿತು, 10 ಮಿಲಿಗ್ರಾಂ ರಿವರಾಕ್ಸಬಾನ್ ಪಡೆದವರಲ್ಲಿ 1.2 ಶೇಕಡಾ. ಆಸ್ಪಿರಿನ್ ಪೂರ್ತಿ ನಿರುಪಯೋಗಿ ಅಲ್ಲ, ಆದರೆ ಸಮನೂ ಅಲ್ಲ. ಖರ್ಚು ಕಷ್ಟವಾಗಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಜನೌಷಧಿ, ಜೆನೆರಿಕ್ ಮಾತ್ರೆ, ಕಡಿಮೆ ಡೋಸ್, ಇಲ್ಲವೇ ವಾರ್ಫರಿನ್, ಹೀಗೆ ದಾರಿಗಳಿವೆ. ಹೇಳದೆ ದಿನ ಬಿಟ್ಟು ದಿನ ನುಂಗುವುದು ಮಾತ್ರ ದಾರಿ ಅಲ್ಲ. ಹೊಸ ಮಾತ್ರೆಗಳ ಪರಿಣಾಮ ಒಂದೆರಡು ದಿನಕ್ಕೇ ಇಳಿದುಹೋಗುತ್ತದೆ.

ಮನೆಯಲ್ಲಿ ಆಗುವ ಸಣ್ಣ ತಪ್ಪುಗಳು

ರಿವರಾಕ್ಸಬಾನ್ 15 ಮತ್ತು 20 ಮಿಲಿಗ್ರಾಂ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಮೈಗೆ ಹತ್ತುವುದಿಲ್ಲ. ಏಕಾದಶಿ, ರಂಜಾನ್ ಎಂದು ಉಪವಾಸ ಮಾಡುವವರು ಮೊದಲೇ ಕೇಳಿಕೊಳ್ಳಿ. ಇದೇ ಮಾತ್ರೆ ಮೊದಲ ಮೂರು ವಾರ ದಿನಕ್ಕೆ ಎರಡು ಸಲ, ಆಮೇಲೆ ಒಂದು ಸಲ ಎಂದು ಬದಲಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೂ ಆ ಗಡಿಬಿಡಿಯಲ್ಲಿ ಯಾರೂ ಗಮನಿಸಿರುವುದಿಲ್ಲ. ಕ್ಯಾಲೆಂಡರ್ ಮೇಲೆ ಆ ದಿನಕ್ಕೆ ಗುರುತು ಹಾಕಿಡಿ.

ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಮುಟ್ಟಲೇಬಾರದು ಎನ್ನುವುದು ಅರ್ಧ ಸತ್ಯ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ನಿಜ. ಆದರೆ ಬೇಕಾದದ್ದು ಒಂದೇ ಪ್ರಮಾಣ. ವಾರಕ್ಕೆ ಎರಡು ದಿನ ಬಸ್ಸಾರು ತಿನ್ನುವ ಮನೆಯಾದರೆ ಹಾಗೇ ತಿನ್ನಿ, ಐ.ಎನ್.ಆರ್. ಪರೀಕ್ಷೆ ನೋಡಿ ಡೋಸ್ ಅದಕ್ಕೆ ಹೊಂದಿಸುತ್ತಾರೆ. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು. ಒಂದು ತಿಂಗಳು ಸೊಪ್ಪೇ ಇಲ್ಲ, ಮುಂದಿನ ತಿಂಗಳು ದಿನಾ ಸೊಪ್ಪಿನ ಹುಳಿ ಎಂದಾದರೆ ಲೆಕ್ಕ ತಪ್ಪುತ್ತದೆ. ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್‌ಗೆ ಸೊಪ್ಪಿನ ಈ ತಂಟೆಯೇ ಇಲ್ಲ.

ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಹಲ್ಲು ಕೀಳಿಸುವ ಮುನ್ನ ಹಲ್ಲಿನ ವೈದ್ಯರಿಗೆ ಮಾತ್ರೆಯ ಹೆಸರು ಹೇಳಿ, ನೀವೇ ನಿಲ್ಲಿಸಬೇಡಿ. ಗರ್ಭಿಣಿಯಾಗಬಹುದಾದವರು ವಾರ್ಫರಿನ್ ಬಗ್ಗೆ ಮೊದಲೇ ಮಾತಾಡಬೇಕು, ಅದು ಮಗುವಿಗೆ ಹಾನಿ ಮಾಡಬಹುದು. ಗರ್ಭಿಣಿಯರಿಗೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಹೆರಿಗೆಯ ನಂತರದ ಆರು ವಾರ ಹೆಪ್ಪುಗಟ್ಟುವ ಅಪಾಯ ಬಹಳ ಹೆಚ್ಚು. ಬಾಣಂತಿಗೆ ನೀರು ಕಡಿಮೆ ಕೊಟ್ಟು, ಕೋಣೆಯಲ್ಲಿ ಅಲುಗಾಡದೆ ಮಲಗಿಸುವ ಪದ್ಧತಿ ಉಳಿದಿರುವ ಮನೆಗಳಲ್ಲಿ ಅಜ್ಜಿಯಂದಿರ ಜೊತೆ ಈ ವಿಷಯ ಮೆಲ್ಲಗೆ ಮಾತಾಡಲೇಬೇಕು.

ಭಯವೂ ಕಾಯಿಲೆಯ ಭಾಗ

ಉಸಿರು ಸಿಗದೆ ಒದ್ದಾಡಿದ ದೇಹ ಅದನ್ನು ಮರೆಯುವುದಿಲ್ಲ. ಒಂಟಿಯಾಗಿ ಮಲಗಲು ಹೆದರುವವರು, ಬಸ್ ಹತ್ತಲು ಹೆದರುವವರು, ದಿನಕ್ಕೆ ಹತ್ತು ಸಲ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವವರು ಇದ್ದಾರೆ. ಆತಂಕದಿಂದಲೂ ಎದೆ ಬಿಗಿಯುತ್ತದೆ, ಉಸಿರು ಏರುತ್ತದೆ. ಹಾಗಾಗಿ ಯಾವುದು ಯಾವುದೆಂದು ರೋಗಿಗೆ ತಿಳಿಯುವುದಿಲ್ಲ. ‘ಧೈರ್ಯ ತಗೋ’ ಎಂದರೆ ಸಾಲದು. ವೈದ್ಯರ ಹತ್ತಿರ ಉಸಿರಾಟದ ಜೊತೆ ಈ ಭಯವನ್ನೂ ಹೇಳಬೇಕು. ಆಪ್ತಸಮಾಲೋಚನೆ, ಬೇಕಾದರೆ ಔಷಧ ಎರಡಕ್ಕೂ ಜಾಗ ಇದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾವುದಕ್ಕೆ ಕಾಯಬಾರದು ಎನ್ನುವುದು ಮಾತ್ರ ಸ್ಪಷ್ಟವಾಗಿರಲಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಭಯವೋ ಕ್ಲಾಟೋ ಎಂದು ಮನೆಯಲ್ಲಿ ತೀರ್ಮಾನಿಸದೆ 108ಕ್ಕೆ ಕರೆ ಮಾಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಂದೇ ತೋರಿಸಿ. ಮಾತ್ರೆ ತಿನ್ನುವವರಿಗೆ ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಆಗಲೂ ಆಸ್ಪತ್ರೆಗೇ. ಮಾತ್ರೆಯ ಹೆಸರು, ಡೋಸ್, ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಅದರ ಫೋಟೊವನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿಡಿ.